ಇಲ್ಲ, ಇಂಜಿನ್ ಕೆಟ್ಟಿಲ್ಲ

ಹಳೇ ಯಂತ್ರಗಳ ಪ್ರದರ್ಶನದಲ್ಲಿ ನನ್ನ ಇಂಜಿನ್ ಓಡಿಸಿದಾಗಲೆಲ್ಲ ಹಗ್ಗದ ಆಚೆಯಿಂದ ಒಂದೇ ಮಾತು: "ಮಿಸ್ ಹೊಡೀತಿದೆ ಅಲ್ವಾ? ಕೆಟ್ಟಿದೆಯಾ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದುಬಿಡುತ್ತೇನೆ.

ಕೆಟ್ಟಿಲ್ಲ. ಅದು ಓಡಬೇಕಾದ್ದೇ ಹಾಗೆ. 'ಹಿಟ್ ಅಂಡ್ ಮಿಸ್' ಇಂಜಿನ್ ಅಂತಲೇ ಅದರ ಹೆಸರು. ಪೆಟ್ರೋಲ್ ಹೊತ್ತಿ ಡಬ್ ಅಂತ ಒಂದು ಹೊಡೆತ, ಆಮೇಲೆ ಹೊಡೆತವಿಲ್ಲದೆ ಉಸ್, ಉಸ್, ಉಸ್, ಮತ್ತೆ ಡಬ್. ವೇಗ ಜಾಸ್ತಿಯಾದರೆ ಅದನ್ನು ಹಿಡಿತದಲ್ಲಿಡುವ ಗವರ್ನರ್‌ನ ಗುಂಡುಗಳು ಹೊರಕ್ಕೆ ಚಾಚುತ್ತವೆ. ಒಂದು ಕೊಕ್ಕೆ ಬಂದು ವಾಲ್ವ್ ತಳ್ಳುವ ಸರಳನ್ನು, ಅಂದರೆ ಪುಶ್‌ರಾಡನ್ನು, ಹಿಡಿಯುತ್ತದೆ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತೆರೆದೇ ಉಳಿಯುತ್ತದೆ. ಪೆಟ್ರೋಲ್ ಒಳಬಿಡುವ ವಾಲ್ವ್ ಪಿಸ್ಟನ್ ಎಳೆದಾಗ ಮಾತ್ರ ತೆರೆಯುವಂಥದ್ದು. ಎಕ್ಸಾಸ್ಟ್ ತೆರೆದಿದ್ದರೆ ಎಳೆತ ಹುಟ್ಟುವುದೇ ಇಲ್ಲ, ಒಂದು ಹನಿಯೂ ಒಳಗೆ ಹೋಗುವುದಿಲ್ಲ. ಅಷ್ಟು ಹೊತ್ತೂ ಫ್ಲೈವೀಲ್ ಅನ್ನುವ ಎರಡು ಭಾರದ ಗಾಲಿಗಳೇ ಇಂಜಿನ್ನನ್ನು ತಿರುಗಿಸುತ್ತವೆ. ವೇಗ ಇಳಿದರೆ ಕೊಕ್ಕೆ ಬಿಡುತ್ತದೆ. ಡಬ್.

ನಂಬಿಕೆ ಬರದಿದ್ದರೆ ಪಂಪಿಗೆ ಬೆಲ್ಟ್ ಹಾಕುವವರೆಗೆ ನಿಲ್ಲಿ. ನನ್ನದು ನಿಮಿಷಕ್ಕೆ ಸುಮಾರು 400 ಸುತ್ತು. 1876ರಲ್ಲಿ ಜರ್ಮನಿಯ ನಿಕೊಲಾಸ್ ಒಟ್ಟೊ ಓಡಿಸಿ ತೋರಿಸಿದ ನಾಲ್ಕು ಸ್ಟ್ರೋಕಿನ ಲೆಕ್ಕ ಇದಕ್ಕೂ ಅದೇ, ಎರಡು ಸುತ್ತಿಗೆ ಒಂದು ಹೊಡೆತ. ಪೂರ್ತಿ ಭಾರ ಬಿದ್ದಾಗ ನಿಮಿಷಕ್ಕೆ 200 ಸಲ ಬಿಡದೆ ಹೊಡೆಯುತ್ತದೆ. ಇಂಜಿನ್ ತಂಪಾಗಿಡುವ ತೊಟ್ಟಿಯ, ಅಂದರೆ ಹಾಪರ್‌ನ, ನೀರು ಕುದಿದು ಹಬೆ ಏಳುತ್ತದೆ. ಆಗ ಯಾರೂ ಕೆಟ್ಟಿದೆಯಾ ಅನ್ನುವುದಿಲ್ಲ.

ಗೊತ್ತಿಲ್ಲದ್ದನ್ನು ಕೇಳುವುದರಲ್ಲಿ ತಪ್ಪಿಲ್ಲ. ಉತ್ತರಕ್ಕೆ ಕಾಯದೆ ಪ್ಲಗ್ ಬದಲಾಯಿಸಿ, ಕಾರ್ಬ್ಯುರೇಟರ್ ತೊಳೆಯಿರಿ ಅಂತ ಶುರು ಮಾಡುತ್ತಾರಲ್ಲ, ಅದು ನನಗೆ ಆಗದು. ಒಬ್ಬರು ಇನ್ನೂ ಮುಂದೆ ಹೋದರು. ನಾನು ಎಣ್ಣೆ ಬಟ್ಟಲಿನ ಹನಿ ಎಣಿಸುತ್ತಾ ಬಗ್ಗಿದ್ದೆ. ಅವರು ಹಗ್ಗದಡಿ ನುಸುಳಿ ಬಂದು, "ಪೆಟ್ರೋಲ್ ಸಾಲ್ತಿಲ್ಲ" ಅಂತ ಪೆಟ್ರೋಲ್ ಹೆಚ್ಚುಕಡಿಮೆ ಮಾಡುವ ನೀಡಲ್ ವಾಲ್ವ್‌ಗೆ ಕೈ ಹಾಕಿದರು. ಫ್ಲೈವೀಲನ್ನು ಶಾಫ್ಟಿಗೆ ಬಿಗಿಯುವ ಗಿಬ್ ಕೀ ಅಂತ ಒಂದಿದೆ. ಅದರ ತಲೆ ಹೆಬ್ಬೆರಳಿನಷ್ಟು ಹೊರಗೆ ಚಾಚಿರುತ್ತದೆ. ತಿರುಗುವಾಗ ಕಣ್ಣಿಗೆ ಬೀಳುವುದಿಲ್ಲ, ಬಟ್ಟೆ ಸಿಕ್ಕಿದರೆ ಮಾತ್ರ ಬಿಡುವುದಿಲ್ಲ. ಅವರ ಅಂಗಿಯ ಅಂಚಿಗೂ ಅದಕ್ಕೂ ನಡುವೆ ಒಂದು ಗೇಣು ಇತ್ತೋ ಇಲ್ಲವೋ. ಒಂದು ಕೈಯಲ್ಲಿ ಅವರ ತೋಳು ಹಿಡಿದು ಎಳೆದೆ, ಇನ್ನೊಂದರಲ್ಲಿ ಸ್ವಿಚ್ ಆರಿಸಿದೆ. ಗಾಲಿ ತಿರುಗುತ್ತಲೇ ಇತ್ತು. ಅವರು ಬೇಜಾರು ಮಾಡಿಕೊಂಡು ಹೋದರು. ನನ್ನ ಕೈ ಆಮೇಲೂ ನಡುಗುತ್ತಿತ್ತು.

ಅವತ್ತಿನಿಂದ ನನಗೆ ಒಂದೇ ಆಸೆ. ಯಾರಾದರೂ ಬಂದು, "ಇದನ್ನು ನಿಲ್ಲಿಸುವುದು ಹೇಗೆ?" ಅಂತ ಕೇಳಲಿ. ಶುರು ಮಾಡುವುದನ್ನು ನೋಡೋಕೆ ಜನ ಮುತ್ತುತ್ತಾರೆ. ನಿಲ್ಲಿಸುವ ಹೊತ್ತಿಗೆ ಮುಂದಿನ ಯಂತ್ರದ ಹತ್ತಿರ ಹೋಗಿರುತ್ತಾರೆ.

ಇದಕ್ಕೆ ಬ್ರೇಕ್ ಇಲ್ಲ. ಕಿಡಿ ನಿಲ್ಲಿಸಿ, ಪೆಟ್ರೋಲ್ ಮುಚ್ಚಿ ಕಾಯಬೇಕು, ಅಷ್ಟೇ. ಗಾಲಿಗೆ ಕೈ ಒಡ್ಡಬಾರದು, ಕೋಲೂ ಒಡ್ಡಬಾರದು. ವೇಗ ಇಳಿಯುತ್ತಾ ಬಂದು ಕಡ್ಡಿಗಳು ಒಂದೊಂದಾಗಿ ಕಾಣುತ್ತವೆ. ಕೊನೆಯಲ್ಲಿ ಪಿಸ್ಟನ್ ಗಾಳಿಯನ್ನು ಒತ್ತಲು ಮೇಲೇರುತ್ತದೆ, ದಾಟಲಾಗದೆ ವಾಪಸ್ ಬರುತ್ತದೆ. ಅಷ್ಟು ಭಾರದ ಗಾಲಿಗಳು ಹಿಂದಕ್ಕೆ ತಿರುಗಿ, ಮುಂದಕ್ಕೆ ತೂಗಿ, ನಿಲ್ಲುತ್ತವೆ. ಹಾಪರ್‌ನಲ್ಲಿ ನೀರು ಇನ್ನೂ ಸಣ್ಣಗೆ ಕುದಿಯುತ್ತಿರುತ್ತದೆ. ಆಮೇಲೆ ನಾನು ಹಗ್ಗ ಬಿಚ್ಚುತ್ತೇನೆ.