ಸಾಕ್ಸ್ ಹೊಟ್ಟೆ, ಪ್ಲಾಸ್ಟಿಕ್ ಡಬ್ಬಿ: ಫಂಡೋಪ್ಲಿಕೇಶನ್ ಪ್ರಾಕ್ಟೀಸ್, ವಾರ 9

ಅಪ್‌ಡೇಟ್ ಹಾಕಿ ತಿಂಗಳ ಮೇಲಾಯ್ತು, ಮಧ್ಯದಲ್ಲಿ ಎಮರ್ಜೆನ್ಸಿ ಡ್ಯೂಟಿ ಬಿದ್ದು ಡಬ್ಬಿ ಮಂಚದ ಕೆಳಗೇ ಧೂಳು ತಿಂತಿತ್ತು. ಹೊಸಬರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ, ನಾನು ಸರ್ಜರಿ ಪಿಜಿ, ಮೈಸೂರಲ್ಲಿ ರೂಮ್ ಮಾಡ್ಕೊಂಡಿದೀನಿ, ಬಟ್ಟೆ ತುಂಬಿಡೋ ಪ್ಲಾಸ್ಟಿಕ್ ಡಬ್ಬಿಗೆ ತೂತು ಕೊರೆದು ಒಳಗೆ ವೆಬ್‌ಕ್ಯಾಮ್, ಎಲ್‌ಇಡಿ ಪಟ್ಟಿ ಅಂಟಿಸಿ ಲ್ಯಾಪ್ (ಲ್ಯಾಪರೋಸ್ಕೋಪಿ, ಅಂದ್ರೆ ಕೀಹೋಲ್ ಸರ್ಜರಿ) ಟ್ರೈನರ್ ಮಾಡ್ಕೊಂಡಿದೀನಿ. ಅದರೊಳಗೆ ನಿಸೆನ್ ಫಂಡೋಪ್ಲಿಕೇಶನ್ ನೆಟ್ಟಗೆ ಮಾಡ್ಬೇಕು ಅನ್ನೋದು ಗುರಿ. ಹುಳಿತೇಗು, ಎದೆಯುರಿ ಮಾತ್ರೆಗೂ ಬಗ್ಗದವರಿಗೆ ಜಠರದ ಮೇಲ್ಭಾಗನ ಅನ್ನನಾಳದ ಹಿಂದಿಂದ ಎಳ್ಕೊಂಡು ಬಂದು ಮಫ್ಲರ್ ಸುತ್ತಿದ ಹಾಗೆ 360 ಡಿಗ್ರಿ ಸುತ್ತಿ ಹೊಲಿಯೋ ಆಪರೇಷನ್ ಅದು. ರುಡಾಲ್ಫ್ ನಿಸೆನ್ 1956ರಲ್ಲಿ ಪ್ರಕಟಿಸಿದಾಗ ಹೊಟ್ಟೆ ಕೊಯ್ದೇ ಮಾಡ್ಬೇಕಿತ್ತು, ಕೀಹೋಲಲ್ಲಿ ಮಾಡಿದ ವರದಿ ಬೆಲ್ಜಿಯಂನ ಲಿಯೇಜ್‌ನಿಂದ ಬಂದಿದ್ದು 1991ರಲ್ಲಿ. ಥಿಯೇಟರಲ್ಲಿ ನನ್ನ ಪಾಲಿಗೆ ಬರೋದು ಕ್ಯಾಮೆರಾ, ಇಲ್ಲಾ ಲಿವರ್ ಎತ್ತಿ ಹಿಡಿಯೋ ರಿಟ್ರಾಕ್ಟರ್. ಅದಕ್ಕೇ ಈ ಡಬ್ಬಿ.

ಜಠರಕ್ಕೆ ಹಳೇ ಸಾಕ್ಸ್, ಅನ್ನನಾಳಕ್ಕೆ ಮೆತ್ತನೆ ರಬ್ಬರ್ ಪೈಪ್, ವಪೆಗೆ (ಎದೆ, ಹೊಟ್ಟೆ ನಡುವಿನ ಸ್ನಾಯು, ಅನ್ನನಾಳ ಅದರ ತೂತಿನಿಂದಲೇ ಕೆಳಗಿಳಿಯೋದು) ತೂತು ಮಾಡಿದ ರೆಕ್ಸಿನ್. ದಾರ ಎಕ್ಸ್‌ಪೈರ್ ಆಗಿರೋ ಸಿಲ್ಕ್.

ಮೊದಲನೇ ವಾರ ಒಂದೇ ಒಂದು ಗಂಟಿಗೆ 11 ನಿಮಿಷ ಹಿಡೀತು, ಸುಳ್ಳಲ್ಲ. ಕೈ ಎಡಕ್ಕೆ ಹೋದ್ರೆ ಒಳಗೆ ಉಪಕರಣದ ತುದಿ ಬಲಕ್ಕೆ ಹೋಗುತ್ತೆ ಅಂತ ಓದಿದ್ದು ಬೇರೆ, ಸೂಜಿ ಹಿಡ್ಕೊಂಡು ನಿಂತಾಗ ಆಗೋದು ಬೇರೆ, ಸಾಲದ್ದಕ್ಕೆ ಪರದೆ ಮೇಲೆ ಆಳಾನೇ ಗೊತ್ತಾಗಲ್ಲ, ಸೂಜಿ ಸಾಕ್ಸ್ ಮುಂದೆ ಇದ್ಯೋ ಹಿಂದೆ ಇದ್ಯೋ ಅಂತ ತಡಕಾಡ್ತಾ ಇರ್ಬೇಕು. ನಾಲ್ಕನೇ ವಾರಕ್ಕೆ 5 ನಿಮಿಷ. ಆಮೇಲೆ ಅಲ್ಲೇ ನಿಂತೋಯ್ತು, ಎಷ್ಟು ತಿಪ್ಪರಲಾಗ ಹಾಕಿದ್ರೂ 5ರಿಂದ ಕೆಳಗಿಳೀಲಿಲ್ಲ.

ಬೇಜಾರಾಗಿ ಡಬ್ಬಿನ ಹಾಸ್ಪಿಟಲ್ಲಿಗೇ ಹೊತ್ಕೊಂಡು ಹೋದೆ. ನಮಗೆ ಕಲಿಸೋ ಮೇಡಂ ಎರಡು ನಿಮಿಷ ಸುಮ್ಮನೆ ನೋಡಿದ್ರು. "ಏನ್ರೀ ಡಾಕ್ಟ್ರೇ, ಮೊಣಕೈ ರೆಕ್ಕೆ ಥರ ಎತ್ಕೊಂಡಿದೀರಲ್ಲ, ಹಾರೋಕೆ ಹೊರಟಿದೀರಾ?" ಅಂದ್ರು. ಟೇಬಲ್ ಎತ್ತರ ಜಾಸ್ತಿ ಇತ್ತು, ಅಷ್ಟೇ. ಡಬ್ಬಿನ ಸ್ಟೂಲ್ ಮೇಲಿಟ್ಟು ಮಾಡಿದೆ, ಅದೇ ವಾರ 3 ನಿಮಿಷದ ಒಳಗೆ ಬಂತು. ಒಂದು ತಿಂಗಳು ಒಬ್ಬನೇ ತಪ್ಪನ್ನೇ ಚೆನ್ನಾಗಿ ಪ್ರಾಕ್ಟೀಸ್ ಮಾಡ್ತಿದ್ದೆ ಅನ್ಸುತ್ತೆ.

ಆ ರಾತ್ರಿ ಆಸ್ಟ್ರೇಲಿಯಾದ ಅಡಿಲೇಡ್ ಸರ್ಜನ್‌ಗಳ 1996ರ ಪೇಪರ್ ಮತ್ತೆ ತೆಗೆದೆ. 11 ಜನ ಸರ್ಜನ್‌ಗಳು, 280 ಲ್ಯಾಪ್ ಫಂಡೋಪ್ಲಿಕೇಶನ್. ತೊಂದರೆ, ಮತ್ತೆ ಆಪರೇಷನ್, ಕೀಹೋಲ್ ಬಿಟ್ಟು ಹೊಟ್ಟೆ ಕೊಯ್ಯಬೇಕಾಗೋದು, ಮೂರೂ ಇಡೀ ತಂಡದ ಮೊದಲ 50 ಕೇಸಲ್ಲಿ ಜಾಸ್ತಿ, ಒಬ್ಬೊಬ್ಬ ಸರ್ಜನ್‌ನ ಲೆಕ್ಕ ತಗೊಂಡ್ರೆ ಮೊದಲ 20ರಲ್ಲಿ ಜಾಸ್ತಿ, ಅದರಲ್ಲೂ ಮೊದಲ 5 ಇನ್ನೂ ಕೆಟ್ಟದು. ಹಿಂದೆ ಓದಿದಾಗ ನಾನು 20 ಅನ್ನೋ ನಂಬರ್ ಮಾತ್ರ ನೆನಪಿಟ್ಕೊಂಡಿದ್ದೆ. ಈ ಸಲ ಕಣ್ಣಿಗೆ ಬಿದ್ದಿದ್ದು ಬೇರೆ: ತಂಡ ಪಳಗಿದ ಮೇಲೆ ತಡವಾಗಿ ಶುರು ಮಾಡಿದವರಿಗೆ, ಪಕ್ಕದಲ್ಲಿ ಅನುಭವಿ ಸಿಗ್ತಿದ್ದವರಿಗೆ, ಆ ಮೊದಲ ಏಟು ಅಷ್ಟು ಬೀಳಲಿಲ್ಲ. ಶುರುವಿನ ದಿನಗಳಲ್ಲಿ ವಪೆಯ ತೂತನ್ನ ಎಷ್ಟೋ ಸಲ ಹೊಲಿಯದೇ ಬಿಡ್ತಿದ್ರು, ಆಮೇಲೆ ಕೆಲವರಿಗೆ ಜಠರ ಎದೆಯೊಳಕ್ಕೆ ನುಗ್ಗಿ ವಾಪಸ್ ಟೇಬಲ್ ಹತ್ತಬೇಕಾಯ್ತು. ಈಗ ಅದನ್ನ ಹೊಲಿಯೋದು ರೂಢಿ, ನಾನೂ ರೆಕ್ಸಿನ್ ಹೊಲೀತೀನಿ, ಆ ಪಾಠಕ್ಕೆ ದುಡ್ಡು ಕೊಟ್ಟವರು ಬೇರೆ ಯಾರೋ.

ಈ ವಾರದ ಸುದ್ದಿ ಅಷ್ಟು ಚೆನ್ನಾಗಿಲ್ಲ. ಮೂರು ಹೊಲಿಗೆಯ ಪೂರ್ತಿ ಸುತ್ತು 14 ನಿಮಿಷಕ್ಕೆ ಮುಗೀತು, ನನ್ನ ರೆಕಾರ್ಡ್, ಖುಷಿಯಾಗಿ ಫೋಟೋನೂ ತೆಗೆದೆ, ಆಮೇಲೆ ಪೈಪ್ ಒಳಗೆ 18 ಮಿ.ಮೀ. ಕೋಲು ಇಳಿಸೋಕೆ ಹೋದ್ರೆ ಇಳೀತಾನೇ ಇಲ್ಲ, ಸುತ್ತು ಅಷ್ಟು ಬಿಗಿ. (ಸುತ್ತು ಬಿಗಿಯಾಗದಿರಲಿ ಅಂತ ಅನ್ನನಾಳದೊಳಗೆ ಇಳಿಸೋ ಕೊಳವೆ ಬೂಜಿ, 54 ಫ್ರೆಂಚ್ ಸೈಜಿಂದು ಅಷ್ಟೇ ದಪ್ಪ, ಫ್ರೆಂಚ್ ಸೈಜನ್ನ ಮೂರರಿಂದ ಭಾಗಿಸಿದ್ರೆ ಮಿ.ಮೀ. ಸಿಗುತ್ತೆ.) ನಿಜವಾದ ಪೇಷೆಂಟ್ ಆಗಿದ್ರೆ ಎದೆಯುರಿ ಹೋಗಿರೋದು, ಮುದ್ದೆ ಬಿಡಿ, ಅನ್ನಾನೂ ಗಂಟಲಿಂದ ಕೆಳಗಿಳೀತಿರಲಿಲ್ಲ, ತೇಗೋಕೂ ಆಗದೆ ಹೊಟ್ಟೆ ಉಬ್ಬರಿಸ್ಕೊಂಡು ಬರೋರು. ಎಕ್ಸೆಲ್ ಶೀಟಲ್ಲಿ ಗ್ರಾಫ್ ನೋಡಿದ್ರೆ ಎಷ್ಟು ಚೆಂದ ಇಳೀತಿದೆ, ಟೈಮ್ ಒಂದನ್ನೇ ಬರೀತಿದ್ದೆನಲ್ಲ ಇಷ್ಟು ದಿನ.

ಶೀಟಿಗೆ ಮೂರು ಕಾಲಂ ಸೇರಿಸಿದೀನಿ: ಕೋಲು ಇಳೀತಾ, ಸುತ್ತಿನ ಉದ್ದ 2 ಸೆಂ.ಮೀ. ಮೀರಿದ್ಯಾ, ಯಾರಾದ್ರೂ ನೋಡ್ತಿದ್ರಾ. ಹಳೇ ಸಾಕ್ಸ್‌ಗಳನ್ನೆಲ್ಲ ಬಿಸಾಕದೆ ಇಟ್ಟಿದ್ದು ಒಳ್ಳೇದಾಯ್ತು, ಭಾನುವಾರ ಅವಕ್ಕೂ ಕೋಲು ಹಾಕಿ ಅಳತೆ ತಗೀಬೇಕು.