ಎತ್ತಿಟ್ಟ ಮುದ್ದೆ

ನನ್ನ ಕಿರುಚಿತ್ರ ಹನ್ನೊಂದು ನಿಮಿಷದ್ದು. ಅದರಲ್ಲಿ ನನಗೆ ಬಲು ಇಷ್ಟವಾಗಿದ್ದ ದೃಶ್ಯವನ್ನು ನಮ್ಮಜ್ಜಿ ಒಂದೇ ಮಾತಲ್ಲಿ ಕಿತ್ತುಹಾಕಿದಳು.

ಕಥೆ ಅವಳ ಮನೆಯದೇ. ಅವಳ ಅಪ್ಪ ಕೋಲಾರದಿಂದ ಬರ್ಮಾದ ರಂಗೂನಿಗೆ ಕೆಲಸಕ್ಕೆ ಹೋದವರು, ಸಂಸಾರವನ್ನೂ ಕರೆಸಿಕೊಂಡಿದ್ದರು. 1941ರ ಡಿಸೆಂಬರ್ 23ರಂದು ಜಪಾನಿನ ವಿಮಾನಗಳು ಊರಿನ ಮೇಲೆ ಬಾಂಬು ಹಾಕಿದವು. ಅಜ್ಜಿಗೆ ಆಗ ಐದು ವರ್ಷ. ಹೇಗೋ ಹಡಗಿನಲ್ಲಿ ಜಾಗ ಸಿಕ್ಕಿ ತಾಯಿ ಮಕ್ಕಳು ಮದ್ರಾಸಿಗೆ ಬಂದರು. ಬಾಕಿ ಸಂಬಳ ತಗೊಂಡು ಹಿಂದೆಯೇ ಬರ್ತೀನಿ ಅಂತ ಅಪ್ಪ ಉಳಿದರು. ಮಾರ್ಚಿಗೆಲ್ಲ ರಂಗೂನು ಜಪಾನಿನವರ ಪಾಲಾಯಿತು. ಲಕ್ಷಾಂತರ ಜನ ಕಾಡು ಬೆಟ್ಟ ಹತ್ತಿಳಿದು ಮಣಿಪುರ, ಅಸ್ಸಾಂ ಕಡೆ ನಡೆದು ಬಂದರು. ಹಸಿವು, ಮಲೇರಿಯಾ, ಕಾಲರಾ ಅಂತ ದಾರಿಯಲ್ಲೇ ಸತ್ತವರು ಎಷ್ಟೋ. ಮುತ್ತಜ್ಜ ಆ ಗುಂಪಿನಲ್ಲಿದ್ದರೋ, ಅಲ್ಲೇ ಉಳಿದರೋ, ಒಂದು ಕಾಗದವೂ ಬರಲಿಲ್ಲ.

ಶೂಟಿಂಗ್ ಕೆಜಿಎಫ್‌ನಲ್ಲಿ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಖಾಲಿ ಬಿದ್ದ, ಕಾರ್ಮಿಕರ ಒಂದು ಲೈನ್ ಮನೆಯನ್ನು ಗುಡಿಸಿ, ಅರ್ಧವನ್ನು ರಂಗೂನ್ ಮಾಡಿದೆವು, ಇನ್ನರ್ಧ ಕೋಲಾರ. ಗಾಳಿ ಬೀಸಿದರೆ, ಚಿನ್ನ ತೆಗೆದು ಸುರಿದ ಗಣಿಮಣ್ಣಿನ ಸಯನೈಡ್ ದಿಬ್ಬದ ಧೂಳೆಲ್ಲ ಲೆನ್ಸಿಗೇ. ಹಡಗು ತೋರಿಸಲು ದುಡ್ಡೆಲ್ಲಿ? ಮಾರಿಕುಪ್ಪಂ ರೈಲಿನ ಹಾರನ್ ರೆಕಾರ್ಡ್ ಮಾಡಿ, ನಿಧಾನ ಮಾಡಿ, ಅದನ್ನೇ ಹಡಗಿನ ಕೂಗು ಮಾಡಿದೆವು. ನೋಡಿದವರಿಗೆ ಗೊತ್ತಾಗಿಲ್ಲ, ನೀವೂ ಹೇಳಬೇಡಿ.

ನನ್ನ ಇಷ್ಟದ ದೃಶ್ಯ ಇದು: ಮುತ್ತಜ್ಜಿ ದಿನಾ ರಾತ್ರಿ ಗಂಡನ ತಟ್ಟೆಗೆ ಒಂದು ಮುದ್ದೆ ಇಟ್ಟು ಮುಚ್ಚುತ್ತಾಳೆ. ರಿಹರ್ಸಲ್ ನೋಡುತ್ತಿದ್ದ ಅಜ್ಜಿ ನಕ್ಕೇಬಿಟ್ಟಳು.

"ಲೋ ಮಗಾ, ನಮ್ಗೇ ಅರ್ಧರ್ಧ ಮುದ್ದೆ. ಬರ್ದೇ ಇರೋರಿಗೆ ಯಾರೋ ಎತ್ತಿ ಮಡಗ್ತಾರೆ?"

ಮತ್ತೆ ಏನು ಮಾಡ್ತಿದ್ದರು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಕುಂಕುಮ ಅಳಿಸ್ಲಿಲ್ಲ. ಆದ್ರೆ ಮದ್ವೆ ಮನೇಲಿ ಮುಂದೆ ಬರ್ತಿರ್ಲಿಲ್ಲ. ಹೋದ ತಕ್ಷಣ ಅಡುಗೆಮನೆ ಸೇರ್ಕೊಂಡು ತರಕಾರಿ ಹೆಚ್ಚೋಕೆ ಕೂತ್ಕೊಳ್ಳೋಳು. ಆರತಿಗೆ ಕರುದ್ರೂ ಕಷ್ಟ, ಕರೀದಿದ್ರೂ ಕಷ್ಟ, ಅಲ್ವಾ?"

ಇಷ್ಟು ವರ್ಷದಲ್ಲಿ ಈ ಮಾತನ್ನು ಅವಳು ನಮಗ್ಯಾರಿಗೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ ಅನ್ನಿ.

ಮುದ್ದೆ ತೆಗೆದು ಪಕ್ಕಕ್ಕಿಟ್ಟೆ. ಸಂತೆಯಿಂದ ಐದು ಕೆಜಿ ಬದನೆಕಾಯಿ ಬಂತು, ಪಕ್ಕದ ಮನೆಯಿಂದ ಈಳಿಗೆ ಮಣೆ. ಮುತ್ತಜ್ಜಿ ಪಾತ್ರದ ಹುಡುಗಿ ಚಾಕು ಬಿಟ್ಟರೆ ಬೇರೆ ಕಂಡವಳಲ್ಲ. ಎರಡು ಟೇಕ್‌ಗೆ ಬೆರಳು ಕುಯ್ದುಕೊಂಡಳು. "ಸರಿ, ಏಳಮ್ಮ" ಎಂದು ಅಜ್ಜಿಯೇ ಮಣೆ ಮೇಲೆ ಕೂತಳು, ಮಂಡಿ ನೋವನ್ನು ಬೈದುಕೊಳ್ಳುತ್ತಾ. ಕೈ ತುಂಬಾ ಸುಕ್ಕು, ಕಥೆಯಲ್ಲಿ ಮುತ್ತಜ್ಜಿಗೆ ಐವತ್ತೂ ಆಗಿಲ್ಲ ಎಂದು ಕ್ಯಾಮೆರಾ ಹುಡುಗ ಗೊಣಗಿದ. ಇರಲಿ ಬಿಡು ಎಂದೆ.

ಫೋನಿನಲ್ಲಿ ವಾಲಗ ಹಾಕಿದೆವು. ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲಗಿಗೆ ಒತ್ತುತ್ತಾಳೆ, ನಾಲ್ಕು ಹೋಳು, ಉಪ್ಪುನೀರಿಗೆ. ಮತ್ತೊಂದು. ಗಟ್ಟಿಮೇಳದ ಹೊತ್ತಿಗೆ ಒಂದು ಕ್ಷಣ ಕೈ ನಿಂತಿತು. ನಾನು ಹೇಳಿಕೊಟ್ಟಿದ್ದಲ್ಲ.

ಬ್ಯಾಟರಿ ಮುಗಿಯಿತು. ಕಟ್ ಎಂದೆವು. ಅಜ್ಜಿ ಏಳಲಿಲ್ಲ. ಹೆಚ್ಚಿದ್ದನ್ನು ಎಸೆಯೋಕಾಗುತ್ತಾ ಅಂತ ಉಳಿದಿದ್ದನ್ನೂ ಹೆಚ್ಚಿ ಮುಗಿಸಿದಳು. ರಾತ್ರಿ ಹದಿನಾಲ್ಕು ಜನಕ್ಕೆ ಬದನೆಕಾಯಿ ಹುಳಿ, ಮುದ್ದೆ. ಪಕ್ಕಕ್ಕಿಟ್ಟಿದ್ದ ಶೂಟಿಂಗ್ ಮುದ್ದೆಯನ್ನೂ ಯಾರೋ ತಿಂದಿದ್ದರು.