ಸಹಿ ಹಾಕದ ಮೇಷ್ಟ್ರು

ನಮ್ಮ ಎಕನಾಮಿಕ್ಸ್ ಮೇಷ್ಟ್ರು ಕಳೆದ ಆಷಾಢದಲ್ಲಿ ತೀರಿಕೊಂಡರು. ಅವರ ಬಗ್ಗೆ ನಾಲ್ಕು ಮಾತು ಬರೆಯಿರಿ ಅಂತ ಸಂಚಿಕೆಯ ಸಂಪಾದಕರು ಕೇಳಿದಾಗ, ಅವರು ಮಾಡಿದ ಪಾಠದಲ್ಲಿ ಏನಾದರೂ ನೆನಪಿದೆಯಾ ಅಂತ ತಲೆ ಕೆರೆದುಕೊಂಡೆ. ಬೆಲೆ ಏರಿದರೆ ಬೇಡಿಕೆ ಇಳಿಯುತ್ತೆ ಅನ್ನೋದು ಬಿಟ್ಟರೆ ಮಿಕ್ಕಿದ್ದೆಲ್ಲ ಹೋಗಿದೆ. ಚೆನ್ನಾಗಿ ನೆನಪಿರೋದು ಕಂದು ಕಾಗದದ ಬೈಂಡ್ ಹಾಕಿದ ಅವರ ಉದ್ದನೆಯ ಪುಸ್ತಕ.

ಮೇಷ್ಟ್ರು ಕಾಲೇಜಿನ ಕ್ರೀಡಾ ಸಮಿತಿಯ ಸಂಚಾಲಕರು. ಜನ್ಮದಲ್ಲಿ ಓಡಿದವರಲ್ಲ. ಬಸ್ಸು ಹೊರಟು ನಿಂತಿದ್ದರೂ ಕೊಡೆ ಊರಿಕೊಂಡು ನಿಧಾನಕ್ಕೇ ಬರೋರು. ಆಟ ಕಲಿಸೋದು ಪಿಡಿ ಸರ್ ಕೆಲಸ, ಆಡೋ ಹುಡುಗರ ಮೇಲೆ ಒಂದು ಕಣ್ಣಿಡೋದು ಇವರ ಕೆಲಸ. ಆ ಪುಸ್ತಕದಲ್ಲಿ ನಮಗೆಲ್ಲ ಒಂದೊಂದು ಪುಟ. ಎಡಗಡೆ ಅಭ್ಯಾಸಕ್ಕೆ ಬಂದ ದಿನಗಳು, ಬಲಗಡೆ ಕ್ಲಾಸಿಗೆ ಬಂದ ದಿನಗಳು, ಕೆಳಗೆ ಕೆಂಪು ಶಾಯಿಯಲ್ಲಿ ಟೆಸ್ಟಿನ ಅಂಕ. ಎಡಗಡೆ ತುಂಬಿ ಬಲಗಡೆ ಖಾಲಿ ಬಿದ್ದರೆ ಸ್ಟಾಫ್ ರೂಮಿಗೆ ಕರೆ ಬರುತ್ತಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳವು. ನಮ್ಮ ಕಾಲೇಜು ಸೇರಿದ್ದ ಕುವೆಂಪು ವಿಶ್ವವಿದ್ಯಾಲಯ ಶುರುವಾಗಿದ್ದೇ 1987ರಲ್ಲಿ. ದಾವಣಗೆರೆಗೆ ಬೇರೆ ವಿಶ್ವವಿದ್ಯಾಲಯ ಬಂದದ್ದು 2009ರಲ್ಲಿ, ಹಾಗಾಗಿ ಆಗ ಅಲ್ಲಿನ ಘಟಾನುಘಟಿಗಳ ಜೊತೆಗೂ ನಾವು ಓಡಬೇಕಿತ್ತು. ನಮ್ಮ ಸಾಗರದಲ್ಲಿ ಮಳೆ ಬಿಡೋವರೆಗೂ ಮೈದಾನ ಬರೀ ಕೆಸರು. ಸುಣ್ಣದ ಗೆರೆ ಎಳೆದರೆ ಮಾರನೆ ದಿನಕ್ಕೆ ಮಾಯ. ಇದ್ದ ಸ್ಪೈಕ್ಸ್ ಶೂ ಎಲ್ಲರಿಗೂ ಸೇರಿ. ನನಗೆ ಅದು ಬಿಗಿ, ಬೆರಳಿನ ಹತ್ತಿರ ಬ್ಲೇಡಿನಿಂದ ಕೊಯ್ದುಕೊಂಡಿದ್ದೆ. ಹಾಗೇ ಓಡಿ 5000 ಮೀಟರಿನಲ್ಲಿ ಎರಡನೆಯವನಾಗಿ ಬಂದೆ. ನನ್ನ ಟೈಮಿಂಗ್ ಬಹಳ ವರ್ಷ ಕಾಲೇಜಿನ ಬೋರ್ಡಿನ ಮೇಲಿತ್ತು. ಜಂಬ ಅಂದುಕೊಳ್ಳಬೇಡಿ, ಸುಮ್ನೆ ಹೇಳಿದೆ.

ಮಳೆಗಾಲದಲ್ಲಿ ಪಿಡಿ ಸರ್ ನಮ್ಮನ್ನು ಇಕ್ಕೇರಿ ರಸ್ತೆಗೆ ಅಟ್ಟುತ್ತಿದ್ದರು. ಸುಮಾರು 6 ಕಿಲೋಮೀಟರ್. ಅಘೋರೇಶ್ವರ ದೇವಸ್ಥಾನ ಮುಟ್ಟಿ ವಾಪಸ್ ಓಡಿ ಬರಬೇಕು. ಹೋಗುವಾಗ ಓಡುತ್ತಿದ್ದೆವು, ಸುಳ್ಳಲ್ಲ. ಬರುವಾಗ ಬೆಳಗಿನ ಬಸ್ಸು ಸಿಗುತ್ತಿತ್ತು. ಊರ ಅಂಚಿನಲ್ಲಿ ಇಳಿದು, ತಲೆಗೆ ಒಂದಿಷ್ಟು ನೀರು ಹಾಕಿಕೊಂಡು, ಏದುಸಿರು ಬಿಡುತ್ತಾ ಮೈದಾನಕ್ಕೆ ಬಂದರೆ ಪಿಡಿ ಸರ್‌ಗೆ ಖುಷಿಯೋ ಖುಷಿ. ಒಂದು ದಿನ ಹಿಂದಿನ ಬಾಗಿಲಿಂದ ಹತ್ತಿ ಕೂತೆವು. ಮುಂದಿನ ಸೀಟಿನಲ್ಲಿ ಒಂದು ಕೊಡೆ, ಒಂದು ಬೋಳು ತಲೆ. ತಿರುಗಿಯೂ ನೋಡದೆ ಕಂಡಕ್ಟರ್ ಕೈಗೆ ದುಡ್ಡಿಟ್ಟು, "ಸಾಗರಕ್ಕೆ ಐದು ಕೊಡು ಮಾರಾಯಾ. ನಾಲ್ಕು ಓಟಗಾರರು, ಒಂದು ಮುದುಕ" ಅಂದರು. ಬೈಯಲಿಲ್ಲ. ಪುಸ್ತಕದಲ್ಲಿ ಮಾತ್ರ ನಾಲ್ವರ ಪುಟದಲ್ಲೂ ಒಂದೇ ಸಾಲು: 'ಓಟ 6 ಕಿ.ಮೀ., ಬಸ್ಸು 6 ಕಿ.ಮೀ.'

ಆದರೆ ಕಾಲೇಜೆಲ್ಲ ಮಾತಾಡಿಕೊಂಡದ್ದು ಕಬಡ್ಡಿ ವಿಷಯ. ನಮ್ಮ ಮುಖ್ಯ ರೈಡರ್‌ನನ್ನು ನಾಲ್ಕು ಜನ ತಬ್ಬಿ ಹಿಡಿದರೂ ಗೆರೆ ಮುಟ್ಟಿಯೇ ಬರೋನು. ಅಡಿಕೆ ಕೊಯ್ಲಿನ ಕಾಲದಲ್ಲಿ ಕಾಲೇಜಿನ ಕಡೆ ತಲೆ ಹಾಕಲಿಲ್ಲ, ಸಂಜೆ ಕಬಡ್ಡಿಗೆ ಮಾತ್ರ ತಪ್ಪಿಸಲಿಲ್ಲ. ಅಂತರ ಕಾಲೇಜು ಪಂದ್ಯಕ್ಕೆ ಅರ್ಹತಾ ಫಾರಂ ತುಂಬಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಫೋಟೋ, ಪ್ರಿನ್ಸಿಪಾಲರ ಸಹಿ. ಮೇಷ್ಟ್ರ ಸಣ್ಣ ಸಹಿ ಬೀಳದೆ ಪ್ರಿನ್ಸಿಪಾಲರು ಪೆನ್ನು ತೆಗೆಯುತ್ತಿರಲಿಲ್ಲ. ಹುಡುಗನ ಹಾಜರಾತಿ 75 ಪರ್ಸೆಂಟ್‌ನ ಹತ್ತಿರಕ್ಕೂ ಇರಲಿಲ್ಲ. ಪಿಡಿ ಸರ್ ಕೈ ಮುಗಿಯೋದೊಂದು ಬಾಕಿ. ಮೇಷ್ಟ್ರು ಅಂದದ್ದನ್ನು ಸ್ಟಾಫ್ ರೂಮಿನ ಕಿಟಕಿ ಹೊರಗೆ ನಿಂತು ನಾವೇ ಕೇಳಿಸಿಕೊಂಡೆವು: "ಊರಿನ ಟೀಮಲ್ಲಿ ಆಡ್ಲಿ, ಬೇಡ ಅಂದೋರ್ಯಾರು? ಕಾಲೇಜಿನ ಹೆಸರಲ್ಲಿ ಆಡೋಕೆ ಕಾಲೇಜಿಗೆ ಬಂದಿರ್ಬೇಕಲ್ವಾ?"

ಅವನಿಲ್ಲದೆ ಹೋದೆವು, ಸೆಮಿಫೈನಲ್‌ನಲ್ಲಿ ಸೋತೆವು. ಎದುರು ತಂಡದಲ್ಲಿದ್ದ ಒಬ್ಬ ನಮ್ಮ ಪಿಡಿ ಸರ್‌ಗಿಂತ ದೊಡ್ಡವನ ಹಾಗೆ ಕಾಣುತ್ತಿದ್ದ. ಅವನ ಫಾರಂಗೆ ಯಾರು ಸಹಿ ಹಾಕಿದ್ದರೋ! ಆಮೇಲೆ ಬಹಳ ದಿನ ಇಬ್ಬರು ಗುರುಗಳು ಕ್ಯಾಂಟೀನಿನಲ್ಲಿ ಬೇರೆ ಬೇರೆ ಟೇಬಲ್ಲಿನಲ್ಲಿ ಚಾ ಕುಡಿದರು.

ಮೇಷ್ಟ್ರು ಬರೀ ಬೇಡ ಅನ್ನೋರಾಗಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ರೈಡರ್‌ನನ್ನು ದಿನಾ ಸಂಜೆ ಮನೆಗೆ ಕರೆಸಿ ಪಾಠ ಹೇಳಿಕೊಟ್ಟರು. ಅವನ ಮಂಡಿ ಮುಂದಿನ ವರ್ಷವೇ ಕೈಕೊಟ್ಟಿತು, ಡಿಗ್ರಿ ಮಾತ್ರ ಮುಗಿಯಿತು. ಈಗ ಸ್ವಂತ ಅಂಗಡಿ ಇಟ್ಟಿದ್ದಾನೆ, ಲೆಕ್ಕದಲ್ಲಿ ಯಾರೂ ಅವನನ್ನು ಏಮಾರಿಸೋಕೆ ಆಗಲ್ಲ. ನಾವು ಪಂದ್ಯಕ್ಕೆ ಹೋದ ದಿನಗಳ ಹಾಜರಾತಿಗೆ ಮೇಷ್ಟ್ರು ತಾವೇ ಪಟ್ಟಿ ಹಿಡಿದು ಬೇರೆ ಲೆಕ್ಚರರ್‌ಗಳ ಬಳಿ ಅಲೆಯುತ್ತಿದ್ದರು. ಅಕ್ಷರ ದುಂಡಗಿದ್ದ ಹುಡುಗಿಯರಿಗೆ ಕಾರ್ಬನ್ ಹಾಳೆ ಕೊಟ್ಟು ನಮಗಾಗಿ ನೋಟ್ಸ್ ಬರೆಸುತ್ತಿದ್ದರು. ಓದುತ್ತಾ ಓದುತ್ತಾ ಬೆರಳೆಲ್ಲ ನೀಲಿ. ಖೋಖೋ ಹುಡುಗಿಯರ ಜೊತೆ ಹೋಗೋಕೆ ಮೇಡಂಗಳು ಸಿಗದಿದ್ದಾಗ ತಮ್ಮ ಹೆಂಡತಿಯನ್ನೇ ಹೊರಡಿಸಿದ್ದರು. ಅಮ್ಮ ದಾರಿಗೆ ಅಂತ ಚಿತ್ರಾನ್ನ ಕಟ್ಟಿಕೊಂಡು ಬಂದಿದ್ದರು.

2022ರಲ್ಲಿ ಬೆಂಗಳೂರಿನಲ್ಲಿ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್ ನಡೆದಾಗ ನೋಡೋಕೆ ಹೋಗಿದ್ದೆ. ಮಕ್ಕಳ ಶೂ, ಕೋಚು, ಫಿಸಿಯೋ ಎಲ್ಲ ನೋಡಿ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಒಬ್ಬ ಓಟಗಾರನನ್ನು ಮಾತಾಡಿಸಿದೆ. ಫೀಸಿಲ್ಲ, ಹಾಸ್ಟೆಲ್ ಫ್ರೀ ಅಂದ. ಯಾವ ಮೇಷ್ಟ್ರು ಪಾಠ ಮಾಡ್ತಾರಪ್ಪಾ ಅಂದೆ. ನಕ್ಕ. ಸೆಮಿಸ್ಟರ್ ಬಂದ ಮೇಲೆ ಪಂದ್ಯ, ಇಂಟರ್ನಲ್ಸು, ಪರೀಕ್ಷೆ ಒಂದರ ಮೇಲೊಂದು ಬೀಳುತ್ತವೆ. ಆ ಹುಡುಗನ ತಪ್ಪೇನೂ ಇಲ್ಲ. ಅವನ ಬಲಗಡೆಯ ಕಾಲಂ ತುಂಬಿಸೋಕೆ ಅಲ್ಲಿ ಯಾರಿಗೂ ಪುರುಸೊತ್ತಿಲ್ಲ, ಅಷ್ಟೇ. ಕ್ರೀಡಾ ಸಮಿತಿ ಈಗಲೂ ಎಲ್ಲ ಕಾಲೇಜಲ್ಲೂ ಇದೆ. ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್‌ನವರು ಬಂದಾಗ ಅದರ ಫೈಲು ಹೊರಗೆ ಬರುತ್ತೆ.

ಮೇಷ್ಟ್ರ ಹೆಸರಿನಲ್ಲಿ ಹಳೆ ವಿದ್ಯಾರ್ಥಿಗಳು ಒಂದು ಬಹುಮಾನ ಇಡುತ್ತಿದ್ದೇವೆ. ಚಾಂಪಿಯನ್‌ಗೆ ಕಪ್ ಕೊಡೋಣ ಅಂತ ಹೆಚ್ಚಿನವರ ಮಾತು. ಆಡಿಯೂ ಕ್ಲಾಸ್ ತಪ್ಪಿಸದವರಿಗೆ ಕೊಡಬೇಕು ಅಂತ ನಾನು ಹಟ ಹಿಡಿದೆ, ಕೊನೆಗೆ ನನ್ನ ಮಾತೇ ನಡೆಯಿತು. ಅದನ್ನು ತಿಳಿಸೋಣ ಅಂತ ಪಿಡಿ ಸರ್‌ಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು. "ಒಳ್ಳೇದಾಯ್ತು ಕಣೋ, ಅವರಿಗೆ ಇದೇ ಸರಿ" ಅಂದರು. ಆಮೇಲೆ, "ಆದ್ರೂ ಆವತ್ತೊಂದು ಸಹಿ ಹಾಕಿದ್ರೆ ಕಪ್ ನಮ್ದೇ ಆಗ್ತಿತ್ತು" ಅಂದರು. ಅದೂ ನಿಜವೇ.